ಎಡಿಟಿಂಗ್‌ಗೂ ಗೇಮಿಂಗ್‌ಗೂ ಒಂದೇ ಲ್ಯಾಪ್‌ಟಾಪ್: ನಾನು ಕಸ್ಟಮ್ ಮಾಡಿಸ್ಕೊಂಡಿದ್ದು ಹೇಗೆ

ಕಸ್ಟಮ್ ಲ್ಯಾಪ್‌ಟಾಪ್ ಮಾಡಿಸ್ಬೇಕು ಅಂತ ಹೊರಟೋರೆಲ್ಲ ಮೊದಲು ಕೇಳೋದೇ ಯಾವ ಗ್ರಾಫಿಕ್ಸ್ ಕಾರ್ಡ್ ಹಾಕಿಸ್ಲಿ ಅಂತ. ನಾನು ಶುರು ಮಾಡಿದ್ದು ನನ್ನ ಹಾರ್ಡ್‌ಡಿಸ್ಕಲ್ಲಿರೋ ಫೂಟೇಜಿಂದ. ಮೀಡಿಯಾಇನ್ಫೋ ಅಂತ ಒಂದು ಫ್ರೀ ಸಾಫ್ಟ್‌ವೇರ್ ಇದೆ, ಅದರಲ್ಲಿ ನಮ್ಮ ಕ್ಲಿಪ್ ಓಪನ್ ಮಾಡಿದ್ರೆ ಕೋಡೆಕ್ (ವಿಡಿಯೋನ ಕುಗ್ಗಿಸಿಡೋ ವಿಧಾನ) ಯಾವುದು, ಎಷ್ಟು ಬಿಟ್, ಕ್ರೋಮಾ, ಅಂದ್ರೆ ಬಣ್ಣದ ಮಾಹಿತಿ, 4:2:0 ಇದೆಯೋ ಅದಕ್ಕಿಂತ ಜಾಸ್ತಿ ಬಣ್ಣ ಉಳಿಸೋ 4:2:2 ಇದೆಯೋ ಎಲ್ಲ ತೋರಿಸತ್ತೆ. ನಾನು ಶೂಟ್ ಮಾಡೋದು ಸೋನಿ ಎ7 4 ಕ್ಯಾಮೆರಾದಲ್ಲಿ, ಹೆಚ್ಚಾಗಿ ಎಕ್ಸ್‌ಎವಿಸಿ ಎಚ್‌ಎಸ್ ಫಾರ್ಮ್ಯಾಟು, ಅಂದ್ರೆ 4ಕೆ, ಎಚ್.265, 10 ಬಿಟ್ 4:2:2. ಈ ಒಂದು ಸಾಲೇ ಮುಂದಿನ ಅರ್ಧ ತೀರ್ಮಾನ ಮಾಡ್ಬಿಡ್ತು.

ಯಾಕಂದ್ರೆ ಈ ಥರ ಫೈಲು ಟೈಮ್‌ಲೈನ್‌ನಲ್ಲಿ ಸಲೀಸಾಗಿ ಓಡಬೇಕಾದ್ರೆ ಅದನ್ನ ಬಿಚ್ಚೋ ಕೆಲಸ, ಡಿಕೋಡಿಂಗ್ ಅಂತೀವಲ್ಲ, ಅದು ಚಿಪ್ ಒಳಗೇ ಅದಕ್ಕಂತಲೇ ಇರೋ ಹಾರ್ಡ್‌ವೇರ್‌ನಲ್ಲಿ ಆಗ್ಬೇಕು. ಎನ್ವಿಡಿಯಾ 30 ಮತ್ತು 40 ಸೀರೀಸ್ ಕಾರ್ಡ್‌ಗಳು ಎಷ್ಟೇ ದೊಡ್ಡದಾಗಿರ್ಲಿ, 4:2:2 ಎಚ್.265 ಡಿಕೋಡ್ ಮಾಡಲ್ಲ. ಇಂಟೆಲ್ ಪ್ರೊಸೆಸರ್ ಒಳಗಿರೋ ಗ್ರಾಫಿಕ್ಸ್ ಮಾಡತ್ತೆ, ಕ್ವಿಕ್ ಸಿಂಕ್ ಅಂತಾರೆ ಅದಕ್ಕೆ, 11ನೇ ಜನರೇಷನ್‌ನಿಂದ ಈ ಸಪೋರ್ಟ್ ಇದೆ. ಆಮೇಲೆ 2025ರಲ್ಲಿ ಬಂದ ಎನ್ವಿಡಿಯಾ 50 ಸೀರೀಸ್‌ನಲ್ಲಿ 4:2:2 ಡಿಕೋಡ್, ಎನ್‌ಕೋಡ್ ಎರಡೂ ಸೇರಿಸಿದಾರೆ, ಈಗ ತಗೊಳ್ಳೋರಿಗೆ ಅದು ದೊಡ್ಡ ಅನುಕೂಲ. ನಾನು ಮಾಡಿಸ್ದಾಗ ಅದಿನ್ನೂ ಬಂದಿರ್ಲಿಲ್ಲ, ಹಾಗಾಗಿ ಪ್ರೊಸೆಸರ್ ಇಂಟೆಲ್ಲೇ ಆಗ್ಬೇಕು ಅನ್ನೋದು ಮೊದಲನೇ ದಿನವೇ ಫಿಕ್ಸ್ ಆಯ್ತು. ಗೇಮಿಂಗ್ ಅಷ್ಟೇ ಆಗಿದ್ರೆ ಎಎಂಡಿ ಎಚ್‌ಎಕ್ಸ್ ಚಿಪ್ ಕಡೆಗೇ ಹೋಗ್ತಿದ್ದೆ, ಅದರಲ್ಲಿ ಅನುಮಾನ ಇಲ್ಲ. ನಿಮ್ಮ ಫೂಟೇಜ್ ಫೋನಿಂದೋ, ಸ್ಕ್ರೀನ್ ರೆಕಾರ್ಡಿಂಗೋ ಆಗಿದ್ರೆ ಸಾಮಾನ್ಯವಾಗಿ 4:2:0 ಇರತ್ತೆ, ಆಗ ಈ ತಲೆನೋವೇ ಇಲ್ಲ, ಯಾವ ಕಂಪನಿ ಚಿಪ್ಪಾದ್ರೂ ನಡಿಯತ್ತೆ.

ಪ್ರಾಕ್ಸಿ, ಅಂದ್ರೆ ಫೂಟೇಜಿನ ಹಗುರವಾದ ನಕಲು, ಮಾಡ್ಕೊಂಡು ಎಡಿಟ್ ಮಾಡ್ಬಹುದಲ್ಲ ಅಂತ ಕೇಳ್ತೀರ. ಮಾಡ್ಬಹುದು, ದೊಡ್ಡ ಪ್ರಾಜೆಕ್ಟಲ್ಲಿ ಈಗಲೂ ಮಾಡ್ತೀನಿ. ಆದ್ರೆ ಶೂಟ್ ಮುಗಿದ ಸಂಜೆನೇ ಎರಡು ನಿಮಿಷದ ಕಟ್ ಕೊಡಿ ಅಂತ ಕೇಳೋರು ಇದ್ದಾಗ ಪ್ರಾಕ್ಸಿ ರೆಂಡರ್ ಆಗೋ ತನಕ ಕಾಯ್ತಾ ಕೂರೋಕೆ ಆಗಲ್ಲ.

ಇನ್ನು ಜಿಪಿಯು, ಅಂದ್ರೆ ಗ್ರಾಫಿಕ್ಸ್ ಕಾರ್ಡ್. ಇಲ್ಲಿ ಹೆಸರು ನೋಡಿ ನಿರ್ಧಾರ ಮಾಡೋದು ಸರಿ ಹೋಗಲ್ಲ. ಎನ್ವಿಡಿಯಾದ ಡೆಸ್ಕ್‌ಟಾಪ್ 4080 ಅಂದ್ರೆ 16 ಜಿಬಿ ಮೆಮೊರಿ, ಲ್ಯಾಪ್‌ಟಾಪ್ 4080 ಅಂದ್ರೆ 12 ಜಿಬಿ, ಚಿಪ್ಪೂ ಬೇರೆನೇ. ಲ್ಯಾಪ್‌ಟಾಪ್ 4090ಯಲ್ಲಿರೋ ಚಿಪ್ಪು ಡೆಸ್ಕ್‌ಟಾಪ್ 4080ಯದ್ದು, ಮೆಮೊರಿ 16 ಜಿಬಿ. ಲ್ಯಾಪ್‌ಟಾಪ್ 4070ಗೆ ಬರೀ 8 ಜಿಬಿ. ಅದಕ್ಕಿಂತ ಮುಖ್ಯ ಟಿಜಿಪಿ, ಅಂದ್ರೆ ಆ ಕಾರ್ಡಿಗೆ ಎಷ್ಟು ವ್ಯಾಟ್ ಕರೆಂಟ್ ಕೊಡೋಕೆ ಲ್ಯಾಪ್‌ಟಾಪ್ ಮಾಡಿದೋರು ಬಿಟ್ಟಿದಾರೆ ಅನ್ನೋದು. ಅದೇ 4080 ಒಂದು ತೆಳ್ಳಗಿನ ಲ್ಯಾಪ್‌ಟಾಪ್‌ನಲ್ಲಿ 100 ವ್ಯಾಟ್ ಒಳಗೇ ನಿಂತಿರತ್ತೆ, ಇನ್ನೊಂದರಲ್ಲಿ ಡೈನಾಮಿಕ್ ಬೂಸ್ಟ್ (ಪ್ರೊಸೆಸರ್ ಪಾಲಿನ ಪವರ್ ಕಾರ್ಡಿಗೆ ಕೊಡೋದು) ಸೇರಿ 175 ವ್ಯಾಟ್ ತನಕ ಹೋಗತ್ತೆ. ಮುಂಚೆ ಕಡಿಮೆ ವ್ಯಾಟ್‌ನ ಕಾರ್ಡಿಗೆ ಮ್ಯಾಕ್ಸ್-ಕ್ಯೂ ಅಂತ ಹೆಸರಲ್ಲೇ ಬರೀತಿದ್ರು, 30 ಸೀರೀಸ್ ಬಂದಾಗಿಂದ ಅದನ್ನ ಬರೀಲೇಬೇಕು ಅಂತ ಇಲ್ಲ, ಹಾಗಾಗಿ ಸ್ಪೆಕ್ ಶೀಟ್‌ನಲ್ಲಿ ಕೆಳಗೆಲ್ಲೋ ಸಣ್ಣಕ್ಷರದಲ್ಲಿ ಹುಡುಕ್ಬೇಕು. ಅಲ್ಲೂ ಬರೀದೇ ಇದ್ರೆ ಮಾರೋರಿಗೆ ಮೇಲ್ ಹಾಕಿ ಕೇಳ್ಬೇಕು. ನಾನು ಹಾಗೇ ಮಾಡಿದೆ, ವ್ಯಾಟ್ ಎಷ್ಟು ಅಂತ ನೇರವಾಗಿ ಉತ್ತರ ಕೊಡದೇ ಇದ್ದೋರನ್ನ ಲಿಸ್ಟಿಂದ ತೆಗೆದೆ.

ನನಗೆ 8 ಜಿಬಿ ಸಾಕಾಗಲ್ಲ ಅಂತ ಹಳೇ ಮೆಷೀನ್ ನೋಡೇ ಗೊತ್ತಿತ್ತು. ಡಾವಿಂಚಿ ರಿಸಾಲ್ವ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ 4ಕೆ ಟೈಮ್‌ಲೈನ್ ಮೇಲೆ ಟೆಂಪೋರಲ್ ನಾಯ್ಸ್ ರಿಡಕ್ಷನ್ (ಚಿತ್ರದ ಕಾಳು ಕಾಳು ತೆಗೆಯೋದು) ಹಾಕಿ, ಅದರ ಮೇಲೆ ಮ್ಯಾಜಿಕ್ ಮಾಸ್ಕ್ (ಚಿತ್ರದಲ್ಲಿರೋ ವ್ಯಕ್ತಿನ ಬೇರ್ಪಡಿಸೋದು) ಹಾಕಿದ್ರೆ ಜಿಪಿಯು ಮೆಮೊರಿ ಫುಲ್ ಅಂತ ಎರರ್ ಬಂದು ನಿಂತ್ಬಿಡೋದು. ಗೇಮಲ್ಲಿ ಮೆಮೊರಿ ಕಮ್ಮಿ ಬಿದ್ರೆ ಟೆಕ್ಸ್ಚರ್ ಸೆಟ್ಟಿಂಗ್ ಒಂದು ಹಂತ ಕೆಳಗಿಳಿಸಿ ಆಡ್ಬಹುದು, ಎಡಿಟಿಂಗಲ್ಲಿ ಹಾಗೆ ಇಳಿಸೋಕೆ ಆಗಲ್ಲ, ಕ್ಲೈಂಟ್ ಕೇಳಿದ ರೆಸಲ್ಯೂಷನ್ ಕೊಡ್ಲೇಬೇಕು. ಅದಕ್ಕೆ 12 ಜಿಬಿಯ 4080 ಹಾಕಿಸ್ದೆ. ಈಗ ಅದೇ ಜಾಗದಲ್ಲಿ 12 ಜಿಬಿಯ 5070 ಟಿಐ ಲ್ಯಾಪ್‌ಟಾಪ್ ಕಾರ್ಡ್ ಇದೆ, ನನ್ನ ಥರದ ಕೆಲಸ ಮಾಡೋರಿಗೆ ಅದನ್ನೇ ಹೇಳ್ತೀನಿ. ಬರೀ 5070 ಆದ್ರೆ ಮತ್ತೆ 8 ಜಿಬಿಗೇ ಬಂದು ನಿಲ್ತೀರ.

ಪ್ರೊಸೆಸರ್‌ನಲ್ಲಿ ಐ9 14900ಎಚ್‌ಎಕ್ಸ್ ಆಪ್ಷನ್ ಇತ್ತು, 24 ಕೋರ್. ನಾನು ಒಂದು ಹೆಜ್ಜೆ ಕೆಳಗಿನ ಐ7 14700ಎಚ್‌ಎಕ್ಸ್ ತಗೊಂಡೆ, 20 ಕೋರ್. ಎರಡಕ್ಕೂ ಗರಿಷ್ಠ ಟರ್ಬೋ ಪವರ್ 157 ವ್ಯಾಟ್ ಅಂತಲೇ ಬರೆದಿರತ್ತೆ, ಆದ್ರೆ ಲ್ಯಾಪ್‌ಟಾಪ್ ಒಳಗೆ ಸಿಪಿಯು, ಜಿಪಿಯು ಎರಡೂ ಅದೇ ಹೀಟ್‌ಪೈಪ್ ಹಂಚ್ಕೊಂಡಿರ್ತವೆ, ಗೇಮ್ ಆಡುವಾಗ್ಲೋ ದೊಡ್ಡ ಎಕ್ಸ್‌ಪೋರ್ಟ್ ಹಾಕಿದಾಗ್ಲೋ ಎರಡೂ ಒಟ್ಟಿಗೆ ಬಿಸಿಯಾದಾಗ ಸಿಪಿಯುಗೆ ಸಿಗೋದು ಅದರಲ್ಲಿ ಅರ್ಧಕ್ಕಿಂತ ಕಮ್ಮಿ. ಅಷ್ಟು ಪವರ್‌ನಲ್ಲಿ ನಾಲ್ಕು ಸಣ್ಣ ಕೋರ್ ಜಾಸ್ತಿ ಇದ್ದು ಏನೂ ದೊಡ್ಡ ಫರಕ್ ಬೀಳಲ್ಲ. ಉಳಿದ ದುಡ್ಡು ಸ್ಕ್ರೀನ್‌ಗೆ ಹಾಕಿದೆ, ಎಡಿಟ್ ಮಾಡೋನಿಗೆ ಅದು ಎಷ್ಟೋ ಮೇಲು.

ಈಗ ಚಾಸಿ, ಅಂದ್ರೆ ಲ್ಯಾಪ್‌ಟಾಪ್ ಬಾಡಿಯ ವಿಷಯ, ನನ್ನ ಪ್ರಕಾರ ಇದೇ ಎಲ್ಲದಕ್ಕಿಂತ ದೊಡ್ಡದು. ಕಸ್ಟಮ್ ಲ್ಯಾಪ್‌ಟಾಪ್ ಮಾರೋ ಸಣ್ಣ ಕಂಪನಿಗಳಲ್ಲಿ ಹೆಚ್ಚಿನೋರು ಬಾಡಿ, ಮದರ್‌ಬೋರ್ಡ್ ತಾವೇ ಮಾಡಲ್ಲ. ಕ್ಲೆವೋ, ಟಾಂಗ್‌ಫಾಂಗ್, ಯೂನಿವಿಲ್ ಥರದ ತಯಾರಕರು ಬೇರ್‌ಬೋನ್ ಅಂತ ಕೊಡ್ತಾರೆ, ಇವರು ಅದಕ್ಕೆ ರ‍್ಯಾಮ್, ಎಸ್‌ಎಸ್‌ಡಿ, ವೈಫೈ ಕಾರ್ಡ್, ಥರ್ಮಲ್ ಪೇಸ್ಟ್ ಹಾಕಿ, ಟೆಸ್ಟ್ ಮಾಡಿ ತಮ್ಮ ಹೆಸರಲ್ಲಿ ಮಾರ್ತಾರೆ. ಹಾಗಾಗಿ ಒಂದೇ ಚಾಸಿ ಬೇರೆ ಬೇರೆ ದೇಶದಲ್ಲಿ ಬೇರೆ ಬೇರೆ ಹೆಸರಲ್ಲಿ ಸಿಗತ್ತೆ, ಜರ್ಮನಿಯಲ್ಲಿ ಎಕ್ಸ್‌ಎಂಜಿ, ಅಮೆರಿಕದಲ್ಲಿ ಸೇಗರ್, ಬ್ರಿಟನ್‌ನಲ್ಲಿ ಪಿಸಿ ಸ್ಪೆಷಲಿಸ್ಟ್ ಎಲ್ಲ ಇದೇ ದಾರಿ. ಇದರಿಂದ ನಮಗೆ ಆಗೋ ಲಾಭ ಏನಂದ್ರೆ, ನಾವು ತಗೊಳ್ಳೋ ಹೆಸರಲ್ಲಿ ರಿವ್ಯೂ ಸಿಗ್ದೇ ಇದ್ರೂ ಆ ಬೇರ್‌ಬೋನ್ ಮಾಡೆಲ್ ನಂಬರ್ ಗೊತ್ತಾದ್ರೆ ಇನ್ನೊಂದು ಹೆಸರಿನ ರಿವ್ಯೂ ಓದ್ಬಹುದು. ನಾನು ಮಾರೋರ ಹತ್ರ ಕೇಳೇ ನಂಬರ್ ತಗೊಂಡೆ, ಆಮೇಲೆ ನೋಟ್‌ಬುಕ್‌ಚೆಕ್ ಅನ್ನೋ ರಿವ್ಯೂ ಸೈಟಲ್ಲಿ ಅದೇ ಬಾಡಿಯ ಫ್ಯಾನ್ ಸೌಂಡು, ಮೇಲ್ಭಾಗದ ಬಿಸಿ, ಲೋಡ್‌ನಲ್ಲಿ ಎಷ್ಟು ವ್ಯಾಟ್ ಹಿಡ್ಕೊಂಡು ನಿಲ್ಲತ್ತೆ ಎಲ್ಲ ಓದಿದ ಮೇಲೇನೇ ಮುಂದಕ್ಕೆ ಹೋಗಿದ್ದು.

ಇಲ್ಲಿ ಇನ್ನೊಂದು ಮಾತು ಸ್ಪಷ್ಟವಾಗಿ ಹೇಳ್ಬೇಕು. ಕಸ್ಟಮ್ ಅಂದ ತಕ್ಷಣ ಡೆಸ್ಕ್‌ಟಾಪ್ ಥರ ಎಲ್ಲ ಬದಲಾಯಿಸ್ಬಹುದು ಅಂದ್ಕೋಬೇಡಿ. ಸಿಪಿಯು, ಜಿಪಿಯು ಎರಡೂ ಬೋರ್ಡಿಗೆ ಬೆಸುಗೆ ಹಾಕಿರ್ತಾರೆ, ಎರಡು ವರ್ಷ ಬಿಟ್ಟು ಜಿಪಿಯು ಬದಲಾಯಿಸ್ತೀನಿ ಅಂದ್ರೆ ಆಗಲ್ಲ. ಆ ಥರ ಬದಲಾಯಿಸೋಕೆ ಆಗ್ಲೇಬೇಕು ಅನ್ನೋರಿಗೆ ಫ್ರೇಮ್‌ವರ್ಕ್ ಲ್ಯಾಪ್‌ಟಾಪ್ 16 ಇದೆ, ಅದರ ಗ್ರಾಫಿಕ್ಸ್ ಮಾಡ್ಯೂಲ್ ಹಿಂದಿಂದ ಬಿಚ್ಚಿ ಬೇರೆ ಹಾಕ್ಬಹುದು, ಆದ್ರೆ ಅದರಲ್ಲಿ ಹಾಕೋ ಕಾರ್ಡ್‌ಗಳ ಶಕ್ತಿ ನನ್ನ ಕೆಲಸಕ್ಕೆ ಕಮ್ಮಿ. ಬಯಾಸ್ (ಮದರ್‌ಬೋರ್ಡಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಯಾರು ಕೊಡ್ತಾರೆ, ಎಷ್ಟು ವರ್ಷ ಹಳೇ ಮಾಡೆಲ್‌ಗೂ ತಮ್ಮ ಸೈಟಲ್ಲಿ ಇಟ್ಟಿದಾರೆ ಅಂತಲೂ ನೋಡಿ. ಹಾಗೇ, ಕೆಳಗಿನ ಮುಚ್ಚಳ ಬಿಚ್ಚಿ ಫ್ಯಾನ್ ಕ್ಲೀನ್ ಮಾಡಿದ್ರೆ ವಾರಂಟಿ ಹೋಗತ್ತಾ ಇಲ್ವಾ ಅಂತ ಲಿಖಿತವಾಗಿ ಕೇಳಿ ಇಟ್ಕೊಳ್ಳಿ.

ಥರ್ಮಲ್ ಪೇಸ್ಟ್ ಆಪ್ಷನ್‌ನಲ್ಲಿ ಲಿಕ್ವಿಡ್ ಮೆಟಲ್ ಇತ್ತು, ಬೇಡ ಅಂದೆ. ಅದು ಶಾಖ ಚೆನ್ನಾಗಿ ಎಳೀತದೆ ನಿಜ, ಆದ್ರೆ ಕರೆಂಟ್ ಹರಿಯೋ ವಸ್ತು, ಬ್ಯಾಗಲ್ಲಿ ಹಾಕ್ಕೊಂಡು ಊರೂರು ತಿರುಗೋ ಮೆಷೀನ್ ಒಳಗೆ ಅದು ಪಕ್ಕಕ್ಕೆ ಸರಿದ್ರೆ ಬೋರ್ಡೇ ಹೋಗ್ಬಹುದು. ಅದರ ಬದಲು ಹನಿವೆಲ್‌ನ ಪಿಟಿಎಂ7950 ಹಾಕಿಸ್ದೆ, ಫೇಸ್ ಚೇಂಜ್ ಪ್ಯಾಡ್ ಅದು, ಬಿಸಿಯಾದಾಗ ಮೆತ್ತಗಾಗಿ ಸಂದಿ ತುಂಬ್ಕೊಳ್ಳತ್ತೆ, ಮಾಮೂಲಿ ಪೇಸ್ಟ್ ಥರ ಕಾಲ ಕಳೆದ ಹಾಗೆ ಅಂಚಿಗೆ ಹೋಗಿ ಒಣಗೋ ತೊಂದರೆ ಕಮ್ಮಿ. ಆಪ್ಷನ್ ಲಿಸ್ಟಲ್ಲಿ ಚಿಕ್ಕದಾಗಿ ಕಾಣೋ ಈ ಐಟಮ್ಮು ನನ್ನ ಇಡೀ ಕಾನ್ಫಿಗರೇಷನ್‌ನಲ್ಲಿ ಅತಿ ಹೆಚ್ಚು ತೃಪ್ತಿ ಕೊಟ್ಟಿದ್ದು.

ರ‍್ಯಾಮ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಡಿಡಿಆರ್5 5600, 32 ಜಿಬಿಯ ಎರಡು ಸ್ಟಿಕ್, ಒಟ್ಟು 64. ಒಂದೇ ಸ್ಟಿಕ್ ಹಾಕಿ ಆಮೇಲೆ ಇನ್ನೊಂದು ಹಾಕ್ತೀನಿ ಅನ್ನೋ ಪ್ಲಾನ್ ಬೇಡ, ಡ್ಯುಯಲ್ ಚಾನೆಲ್, ಅಂದ್ರೆ ಎರಡು ಸ್ಟಿಕ್ ಒಟ್ಟಿಗೆ ಓಡೋದು, ಇಲ್ದೇ ಇದ್ರೆ ಗೇಮಲ್ಲಿ ಫ್ರೇಮ್ ರೇಟ್ ಬೀಳತ್ತೆ. ಬೋರ್ಡಿಗೇ ಬೆಸುಗೆ ಹಾಕಿರೋ ರ‍್ಯಾಮ್ ಆದ್ರೆ ಆರ್ಡರ್ ಮಾಡೋವಾಗ್ಲೇ ಎಷ್ಟು ಬೇಕೋ ಅಷ್ಟು ತಗೋಬೇಕು, ಆಮೇಲೆ ಸೇರಿಸೋಕೆ ಆಗಲ್ಲ.

ಎಸ್‌ಎಸ್‌ಡಿ ಎರಡು ಹಾಕಿಸ್ದೆ, ಒಂದರಲ್ಲಿ ವಿಂಡೋಸ್, ಸಾಫ್ಟ್‌ವೇರ್, ಗೇಮ್‌ಗಳು, ಇನ್ನೊಂದರಲ್ಲಿ ಈಗ ನಡೀತಿರೋ ಪ್ರಾಜೆಕ್ಟಿನ ಫೂಟೇಜು ಮತ್ತು ಕ್ಯಾಶೆ. ಎರಡೂ ಪಿಸಿಐಇ 4.0, ಅದು ಸೆಕೆಂಡಿಗೆ 7000 ಎಂಬಿ ಆಸುಪಾಸು ಓದತ್ತೆ, ನನ್ನ ಕ್ಯಾಮೆರಾ ಫೈಲ್‌ನ ಬಿಟ್‌ರೇಟ್ ಸೆಕೆಂಡಿಗೆ 200 ಮೆಗಾಬಿಟ್, ಅಂದ್ರೆ 25 ಎಂಬಿ. ಲೆಕ್ಕ ಹಾಕಿ ನೋಡಿ, 5.0 ಡ್ರೈವ್ ಹಾಕಿಸಿ ಬಿಸಿ ಜಾಸ್ತಿ ಮಾಡ್ಕೊಳ್ಳೋ ಅಗತ್ಯನೇ ಇಲ್ಲ. ಆದ್ರೆ ಒಂದು ಸೆಲ್‌ನಲ್ಲಿ ಮೂರು ಬಿಟ್ ಇಡೋ ಟಿಎಲ್‌ಸಿ ಡ್ರೈವೇ ಬೇಕು ಅಂತ ಹಠ ಹಿಡಿದೆ. ನಾಲ್ಕು ಬಿಟ್ ಇಡೋ ಕ್ಯೂಎಲ್‌ಸಿ ಡ್ರೈವು ಶುರುನಲ್ಲಿ ಜೋರಾಗಿ ಬರೆಯತ್ತೆ, ಅದರ ಕ್ಯಾಶೆ ತುಂಬಿದ ಮೇಲೆ ಸ್ಪೀಡ್ ಪಾತಾಳಕ್ಕೆ ಇಳಿಯತ್ತೆ, ಕಾರ್ಡಿಂದ ನೂರಾರು ಜಿಬಿ ಕಾಪಿ ಮಾಡೋರಿಗೆ ಅದು ಹಿಂಸೆ.

ಸ್ಕ್ರೀನ್ 16 ಇಂಚು, 2560 ಗುಣಿಲೆ 1600, 240 ಹರ್ಟ್ಸ್, 500 ನಿಟ್ಸ್. ಇಲ್ಲಿ ಗೇಮರ್ ನೋಡೋದು ಹರ್ಟ್ಸ್, ಎಡಿಟರ್ ನೋಡ್ಬೇಕಾದ್ದು ಬಣ್ಣ. ಸ್ಪೆಕ್ಕಲ್ಲಿ 45 ಪರ್ಸೆಂಟ್ ಎನ್‌ಟಿಎಸ್‌ಸಿ ಅಂತ ಕಂಡ್ರೆ ಮುಂದಕ್ಕೆ ಹೋಗ್ಲೇಬೇಡಿ, ಅದು ವೆಬ್ ವಿಡಿಯೋಗೆ ಬಳಸೋ ಮಾಮೂಲಿ ಬಣ್ಣದ ವ್ಯಾಪ್ತಿಯಾದ ಎಸ್‌ಆರ್‌ಜಿಬಿಯ ಮೂರನೇ ಎರಡು ಭಾಗನೂ ತೋರ್ಸಲ್ಲ, ಚರ್ಮದ ಬಣ್ಣ ಗ್ರೇಡ್ ಮಾಡೋಕೆ ಕೂತ್ರೆ ಸ್ಕ್ರೀನ್ ಮೇಲೆ ಒಂದು ಥರ, ಬೇರೆಯೋರ ಫೋನಲ್ಲಿ ಇನ್ನೊಂದು ಥರ. ಕನಿಷ್ಠ 100 ಪರ್ಸೆಂಟ್ ಎಸ್‌ಆರ್‌ಜಿಬಿ ಇರ್ಲೇಬೇಕು, ಎಚ್‌ಡಿಆರ್ ಕೆಲಸ ಇದ್ರೆ ಇನ್ನೂ ಹೆಚ್ಚು ಬಣ್ಣ ಇರೋ ಡಿಸಿಐ-ಪಿ3 ಕೂಡ ನೋಡ್ಬೇಕು. ಓಎಲ್‌ಇಡಿ ನೋಡೋಕೆ ತುಂಬಾ ಚಂದ, ಆದ್ರೆ ಎಡಿಟಿಂಗ್ ಸಾಫ್ಟ್‌ವೇರ್‌ನ ಟೂಲ್‌ಬಾರ್, ಟೈಮ್‌ಲೈನ್ ಗಂಟೆಗಟ್ಟಲೆ ಅದೇ ಜಾಗದಲ್ಲಿ ನಿಂತಿರೋದ್ರಿಂದ ಬರ್ನ್-ಇನ್ (ಸ್ಕ್ರೀನ್ ಮೇಲೆ ಅದರ ಅಚ್ಚು ಉಳಿದುಬಿಡೋದು) ಭಯಕ್ಕೆ ಐಪಿಎಸ್‌ಗೇ ನಿಂತೆ. ಫ್ಯಾಕ್ಟರಿಯಿಂದ ಬಂದ ಕಲರ್ ಪ್ರೊಫೈಲ್ ನಂಬದೇ ನಾನೇ ಬಣ್ಣ ಅಳೆಯೋ ಕ್ಯಾಲಿಬ್ರೇಟರ್ ಇಟ್ಟು ಸರಿ ಮಾಡ್ಕೊಂಡೆ.

ಮಕ್ಸ್ ಸ್ವಿಚ್, ಅಂದ್ರೆ ದೊಡ್ಡ ಕಾರ್ಡನ್ನ ನೇರವಾಗಿ ಸ್ಕ್ರೀನಿಗೆ ಜೋಡಿಸೋ ವ್ಯವಸ್ಥೆ, ಇರ್ಲೇಬೇಕು ಅಂತ ಗೇಮ್ ಆಡೋರೆಲ್ಲ ಹೇಳ್ತಾರೆ, ಹೌದು ಇರ್ಬೇಕು. ಅದಿಲ್ದೇ ಇದ್ರೆ ದೊಡ್ಡ ಕಾರ್ಡ್ ಮಾಡಿದ ಪ್ರತಿ ಫ್ರೇಮೂ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಮೂಲಕವೇ ಸುತ್ತಾಕ್ಕೊಂಡು ಸ್ಕ್ರೀನಿಗೆ ಹೋಗ್ಬೇಕು, ಅದರಲ್ಲಿ ಫ್ರೇಮ್ ರೇಟ್ ಕಳ್ಕೊಳ್ತೀವಿ. ಆದ್ರೆ ಎಡಿಟಿಂಗ್ ಮಾಡೋರಿಗೆ ಇದರಲ್ಲೊಂದು ಗುಟ್ಟಿದೆ, ಇದನ್ನ ಯಾರೂ ಸರಿಯಾಗಿ ಹೇಳಲ್ಲ. ಬಯಾಸ್‌ನಲ್ಲಿ ಡಿಸ್ಕ್ರೀಟ್ ಜಿಪಿಯು (ಆ ದೊಡ್ಡ ಕಾರ್ಡು) ಮಾತ್ರ ಅಂತ ಇಟ್ರೆ ಬಹಳಷ್ಟು ಲ್ಯಾಪ್‌ಟಾಪ್‌ನಲ್ಲಿ ಇಂಟೆಲ್ ಗ್ರಾಫಿಕ್ಸ್ ಪೂರ್ತಿ ಆಫ್ ಆಗ್ಬಿಡತ್ತೆ, ಅದರ ಜೊತೆಗೇ ಕ್ವಿಕ್ ಸಿಂಕ್ ಕೂಡ ಹೋಗತ್ತೆ, ಆಗ ನನ್ನ 4:2:2 ಫೂಟೇಜು ತಡವರಿಸೋಕೆ ಶುರು. ಅದಕ್ಕೇ ನಾನು ಕೆಲಸಕ್ಕೆ ಕೂತಾಗ ಎರಡೂ ಗ್ರಾಫಿಕ್ಸ್ ಆನ್ ಇರೋ ಹೈಬ್ರಿಡ್ ಮೋಡ್, ಆಡೋಕೆ ಕೂತಾಗ ರೀಸ್ಟಾರ್ಟ್ ಮಾಡಿ ಡಿಸ್ಕ್ರೀಟ್ ಮೋಡ್. ಓಡ್ತಿರುವಾಗ್ಲೇ ಮೋಡ್ ಬದಲಾಯಿಸೋ ಎನ್ವಿಡಿಯಾದ ಅಡ್ವಾನ್ಸ್‌ಡ್ ಆಪ್ಟಿಮಸ್ ಇದ್ರೆ ರೀಸ್ಟಾರ್ಟ್ ಕೂಡ ಬೇಡ.

ಬ್ಯಾಟರಿ 99 ವ್ಯಾಟ್-ಅವರ್, ವಿಮಾನದಲ್ಲಿ ಒಯ್ಯೋಕೆ ಅನುಮತಿ ಕೇಳದೇ ಹೋಗೋ ಮಿತಿ 100 ಇರೋದ್ರಿಂದ ಇದಕ್ಕಿಂತ ದೊಡ್ಡದು ಲ್ಯಾಪ್‌ಟಾಪ್‌ನಲ್ಲಿ ಹಾಕಲ್ಲ. ಎಷ್ಟಿದ್ರೂ ಪೂರ್ತಿ ಶಕ್ತಿ ಬೇಕಂದ್ರೆ 330 ವ್ಯಾಟ್ ಅಡಾಪ್ಟರ್ ಚುಚ್ಲೇಬೇಕು, ಬ್ಯಾಟರಿ ಮೇಲೆ ಜಿಪಿಯು ತುಂಬಾ ಕೆಳಗಿಳಿಯತ್ತೆ. ಓಡಾಡುವಾಗ ಬರೀ ಕಟ್ ಮಾಡೋಕೆ, ಮೇಲ್ ನೋಡೋಕೆ 100 ವ್ಯಾಟ್‌ನ ಟೈಪ್-ಸಿ ಚಾರ್ಜರ್ ಸಾಕು, ಆ ಸಪೋರ್ಟ್ ಇದೆಯಾ ಅಂತ ಮೊದಲೇ ಕೇಳ್ಕೊಂಡಿದ್ದೆ.

ಮೆಷೀನ್ ಕೈಗೆ ಬಂದ ಮೇಲೆ ವಾಪಸ್ ಕೊಡೋ ಅವಧಿ ಮುಗಿಯೋದ್ರೊಳಗೆ ಟೆಸ್ಟ್ ಮಾಡೋದು ಬಹಳ ಮುಖ್ಯ. ಬಿಸಿ, ವ್ಯಾಟ್ ಎಲ್ಲ ತೋರಿಸೋ ಎಚ್‌ಡಬ್ಲ್ಯೂಇನ್ಫೋ ಓಪನ್ ಮಾಡಿಟ್ಟು ಮೊದಲು ಸಿನೆಬೆಂಚ್ ಅನ್ನೋ ಪ್ರೊಸೆಸರ್ ಟೆಸ್ಟ್ ಲೂಪಲ್ಲಿ ಓಡಿಸ್ದೆ, ಆಮೇಲೆ ನನ್ನದೇ ಒಂದು ಹಳೇ ಪ್ರಾಜೆಕ್ಟನ್ನ ನಾಯ್ಸ್ ರಿಡಕ್ಷನ್ ಸಮೇತ ಎಕ್ಸ್‌ಪೋರ್ಟ್‌ಗೆ ಹಾಕಿ, ಮೊದಲ ನಿಮಿಷದಲ್ಲಿ ಜಿಪಿಯು ಎಷ್ಟು ವ್ಯಾಟ್ ತಗೊಳ್ತಿತ್ತು, ಅರ್ಧ ಗಂಟೆ ಆದ ಮೇಲೆ ಎಷ್ಟು ಅಂತ ಬರ್ಕೊಂಡೆ. ಈ ಎರಡು ನಂಬರ್ ಹತ್ರ ಹತ್ರ ಇದ್ರೆ ಕೂಲಿಂಗ್ ಸರಿ ಇದೆ ಅಂತ ಅರ್ಥ, ತುಂಬಾ ದೂರ ಇದ್ರೆ ಪೇಸ್ಟ್ ಸರಿಯಾಗಿ ಕೂತಿಲ್ಲ ಅಥವಾ ಹೀಟ್‌ಸಿಂಕ್ ಒಂದು ಕಡೆ ಎದ್ದಿದೆ, ಯೋಚನೆ ಮಾಡ್ದೇ ವಾಪಸ್ ಕಳಿಸಿ. ಸಿಪಿಯು ಕೋರ್‌ಗಳ ನಡುವೆ ಟೆಂಪರೇಚರ್ ವ್ಯತ್ಯಾಸ 20 ಡಿಗ್ರಿ ಮೀರಿದ್ರೂ ಅದೇ ಅನುಮಾನ. ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ ಫುಲ್ ಸ್ಕ್ರೀನ್ ಇಟ್ಟು ಡೆಡ್ ಪಿಕ್ಸೆಲ್ ನೋಡಿದೆ, ಎಲ್ಲ ಪೋರ್ಟ್‌ಗೂ ಏನಾದ್ರೊಂದು ಚುಚ್ಚಿ ನೋಡಿದೆ, ಹೊರಗಿನ ಮಾನಿಟರ್ ಟೈಪ್-ಸಿಗೆ ಹಾಕಿದಾಗ ಅದು ಯಾವ ಜಿಪಿಯುಗೆ ಕನೆಕ್ಟ್ ಆಗಿದೆ ಅಂತ ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಚೆಕ್ ಮಾಡಿದೆ. ರಿಪೋರ್ಟಿನ ಸ್ಕ್ರೀನ್‌ಶಾಟ್‌ಗಳನ್ನ ಬಿಲ್ ಜೊತೆಗೇ ಒಂದು ಫೋಲ್ಡರ್‌ನಲ್ಲಿ ಇಟ್ಟಿದೀನಿ, ಮುಂದೆ ವಾರಂಟಿಗೆ ಕಳಿಸೋ ಪರಿಸ್ಥಿತಿ ಬಂದ್ರೆ ಹೊಸದಿದ್ದಾಗ ಹೀಗಿತ್ತು ಅಂತ ತೋರಿಸೋಕೆ ಅದು ಬೇಕಾಗತ್ತೆ.