ಸಮುದ್ರಮಟ್ಟದ ಲೆಕ್ಕ: ಟ್ರೆಂಡ್‌ಲೈನ್ ಎಳೆಯುವ ಮುಂಚೆ

ಉಪಗ್ರಹದ ಅಂಕಿಗಳನ್ನು ಎಕ್ಸೆಲ್‌ಗೆ ಸುರಿದು, ಒಂದು ಟ್ರೆಂಡ್‌ಲೈನ್ (ಒಟ್ಟಾರೆ ದಿಕ್ಕು ತೋರಿಸುವ ನೇರ ಗೆರೆ) ಎಳೆದು, ‘ಸಮುದ್ರ ಇಷ್ಟು ಏರಿದೆ’ ಎಂದು ಹೇಳಿಬಿಡುವವರೇ ಜಾಸ್ತಿ. ತೊಂದರೆ ಏನೆಂದರೆ, ವರ್ಷಕ್ಕೆ ಕೆಲವೇ ಮಿಲಿಮೀಟರ್ ಏರುವ ನೀರು ಅದೇ ವರ್ಷದೊಳಗೆ ಕೆಲವು ಕಡೆ ಹತ್ತು ಸೆಂಟಿಮೀಟರ್ ಮೇಲೆ, ಹತ್ತು ಸೆಂಟಿಮೀಟರ್ ಕೆಳಗೆ ಆಡುತ್ತದೆ. ಇವೆರಡನ್ನೂ ಬಿಡಿಸದೆ ಬಂದ ಉತ್ತರವನ್ನು ನಂಬಬೇಡಿ.

ಮೊದಲು ಅಂಕಿಗಳು. ರಾಡಾರ್‌ನಿಂದ ಸಮುದ್ರಮಟ್ಟ ಅಳೆಯುವ ಉಪಗ್ರಹ ಟೋಪೆಕ್ಸ್/ಪೊಸೈಡನ್ 1992ರಲ್ಲಿ ಹಾರಿತು. ನಂತರ ಜೇಸನ್ ಸರಣಿ, ಈಗ ಸೆಂಟಿನೆಲ್-6. ಹಾಗಾಗಿ 1993ರಿಂದ ಸರಣಿ ತುಂಡಾಗದೆ ಸಿಗುತ್ತದೆ. ಯುರೋಪಿನ ಭೂವೀಕ್ಷಣಾ ಯೋಜನೆ ಕೋಪರ್ನಿಕಸ್‌ನ ತಾಣದಲ್ಲಿ ಹೆಸರು ನೋಂದಾಯಿಸಿದರೆ ಉಚಿತ. ಅಲ್ಲಿ ಲಭ್ಯವಿರುವ ಎಲ್ಲ ಉಪಗ್ರಹಗಳನ್ನೂ ಸೇರಿಸಿದ ಫೈಲ್ ಇದೆ, ಎರಡೇ ಉಪಗ್ರಹಗಳಿಂದ ಮಾಡಿದ್ದೂ ಇದೆ. ದೀರ್ಘಕಾಲದ ಲೆಕ್ಕಕ್ಕೆ ಎರಡನೆಯದನ್ನೇ ತೆಗೆದುಕೊಳ್ಳಿ. ಉಪಗ್ರಹಗಳ ಸಂಖ್ಯೆ ಹೆಚ್ಚುಕಡಿಮೆಯಾಗುತ್ತಿದ್ದರೆ ಅದರ ಗುರುತು ಲೆಕ್ಕದಲ್ಲೂ ಬೀಳಬಹುದು. ಅವಸರದಲ್ಲಿ ದಿನದಿನ ಹೊರಬರುವ ಫೈಲ್ ಈ ಕೆಲಸಕ್ಕೆ ಬೇಡವೇ ಬೇಡ. ಇನ್ನು 1993ರಿಂದ 1998ರವರೆಗಿನ ಟೋಪೆಕ್ಸ್ ಅಳತೆಯಲ್ಲಿ ಉಪಕರಣದ ದೋಷವೊಂದಿದೆ. ಅದನ್ನು ಸರಿಪಡಿಸಿದ್ದಾರೋ ಇಲ್ಲವೋ ಫೈಲಿನ ವಿವರಣೆಯಲ್ಲಿ ಓದಿ. ಇಲ್ಲದಿದ್ದರೆ ಮೊದಲ ವರ್ಷಗಳ ಏರಿಕೆ ಸುಮ್ನೆ ಜಾಸ್ತಿ ಕಾಣುತ್ತದೆ.

ಜಾಗತಿಕ ಸರಾಸರಿಯ ಸಿದ್ಧ ಫೈಲುಗಳೂ ಸಿಗುತ್ತವೆ. ಅವುಗಳಲ್ಲಿ ಕೆಲವಕ್ಕೆ ಋತುಚಕ್ರವನ್ನು, ಅಂದರೆ ವರ್ಷದೊಳಗಿನ ಆ ಏರಿಳಿತವನ್ನು, ಮೊದಲೇ ತೆಗೆದುಹಾಕಿರುತ್ತಾರೆ. ಅದರಲ್ಲಿ ಋತು ಹುಡುಕಿ ‘ಇಲ್ಲ’ ಎಂದು ಬರೆದವರೂ ಇದ್ದಾರೆ!

ಫೈಲಿನಲ್ಲಿ ಸಮುದ್ರವನ್ನು ಅಕ್ಷಾಂಶ-ರೇಖಾಂಶದ ಚೌಕಗಳಾಗಿ ಹಂಚಿರುತ್ತಾರೆ. ಸರಾಸರಿ ನೀವೇ ಮಾಡುವುದಾದರೆ ಪ್ರತಿ ಚೌಕಕ್ಕೂ ಅಕ್ಷಾಂಶದ ಕೊಸೈನ್ ತೂಕ ಕೊಡಿ. 60 ಡಿಗ್ರಿಯಲ್ಲಿ ಚೌಕದ ವಿಸ್ತೀರ್ಣ ಸಮಭಾಜಕದ ಚೌಕದ ಅರ್ಧ ಮಾತ್ರ.

ಈಗ ಎಲ್ಲರೂ ಎಡವುವ ಜಾಗ. ‘ಪೂರ್ತಿ ವರ್ಷಗಳನ್ನು ತೆಗೆದುಕೊಂಡರೆ ಋತು ತಾನಾಗಿ ಕಳೆದುಹೋಗುತ್ತೆ ಅಲ್ವಾ?’ ಎಂದು ಕೇಳುತ್ತಾರೆ. ಸರಾಸರಿಯಲ್ಲಿ ಕಳೆದುಹೋಗುತ್ತದೆ, ಇಳಿಜಾರಿನಲ್ಲಿ ಇಲ್ಲ. ಜನವರಿಯಲ್ಲಿ ಶೂನ್ಯದಿಂದ ಹೊರಟು ಮೊದಲು ಏರಿ, ಆಮೇಲೆ ಇಳಿಯುವ ಅಲೆ ತೆಗೆದುಕೊಳ್ಳಿ. ಎತ್ತರ (ನಡುಮಟ್ಟದಿಂದ ತುದಿಗೆ) 10 ಸೆಂ.ಮೀ., ಸರಿಯಾಗಿ 10 ವರ್ಷ. ಅದಕ್ಕೆ ಬರೀ ಗೆರೆ ಎಳೆದರೆ ವರ್ಷಕ್ಕೆ ಸುಮಾರು 1.9 ಮಿ.ಮೀ. ಇಳಿಕೆ ಬರುತ್ತದೆ. ನಿಜವಾದ ಏರಿಕೆ 3 ಮಿ.ಮೀ. ಇದ್ದರೆ ನಿಮಗೆ ಕಾಣುವುದು 1.1. ಅದೇ ಅಲೆ ತುತ್ತತುದಿಯಿಂದ ಶುರುವಾದರೆ ತಪ್ಪು ಶೂನ್ಯ. ಅಂದರೆ ಯಾವ ತಿಂಗಳಿಂದ ಶುರು ಮಾಡಿದಿರಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. 30 ವರ್ಷಕ್ಕೆ ಈ ತಪ್ಪು 0.2ಕ್ಕೆ ಇಳಿಯುತ್ತದೆ, ನಿಜ. ಆದರೆ ಕಷ್ಟವಿಲ್ಲದೆ ತೆಗೆಯಬಹುದಾದ ತಪ್ಪನ್ನು ಇಟ್ಟುಕೊಳ್ಳುವುದು ಯಾಕೆ?

ದಾರಿ ಒಂದೇ: ಏರಿಕೆ ಮತ್ತು ಋತು ಎರಡನ್ನೂ ಒಂದೇ ಸಮೀಕರಣದಲ್ಲಿಟ್ಟು, ಅಂಕಿಗಳಿಗೆ ಒಂದೇ ಸಲ ಹೊಂದಿಸಿ. ಕಾಲವನ್ನು ದಶಮಾಂಶದ ವರ್ಷವಾಗಿ ಬರೆದು, ಸರಣಿಯ ನಡುವಿನ ವರ್ಷವನ್ನು ಅದರಿಂದ ಕಳೆಯಿರಿ. ಒಂದು ಸ್ಥಿರಾಂಕ, ಒಂದು ಇಳಿಜಾರು, ವಾರ್ಷಿಕ ಅಲೆಗೆ ಒಂದು ಸೈನ್ ಒಂದು ಕೊಸೈನ್, ಆರು ತಿಂಗಳ ಅಲೆಗೆ ಇನ್ನೊಂದು ಜೋಡಿ. ಒಟ್ಟು ಆರು ಗುಣಾಂಕಗಳು. ಪೈಥಾನ್‌ನಲ್ಲಿ ಇದು ಕೆಲವೇ ಸಾಲಿನ ಕೆಲಸ. ಹನ್ನೆರಡು ತಿಂಗಳ ಚಲಿಸುವ ಸರಾಸರಿ ನೋಡಲು ಚೆಂದ. ಆದರೆ ಎರಡೂ ತುದಿಯ ಆರಾರು ತಿಂಗಳು ನುಂಗಿಹಾಕುತ್ತದೆ. ಲೆಕ್ಕಕ್ಕೆ ಅದನ್ನು ಮುಟ್ಟಬೇಡಿ.

ಅಲೆಯ ಎತ್ತರ ಎಂದರೆ ಅದರ ಸೈನ್, ಕೊಸೈನ್ ಎರಡು ಗುಣಾಂಕಗಳ ವರ್ಗಗಳನ್ನು ಕೂಡಿಸಿ ತೆಗೆದ ವರ್ಗಮೂಲ. ನೀರು ಯಾವ ತಿಂಗಳು ಹೆಚ್ಚು ಎಂಬುದಕ್ಕೆ ಎರಡು ಅಂಕಿ ಕೇಳುವ ಆರ್ಕ್‌ಟ್ಯಾನ್ ಫಂಕ್ಷನ್ (atan2) ಬಳಸಿ. ಒಂದೇ ಅಂಕಿ ಕೇಳುವುದನ್ನು ಬಳಸಿದರೆ ಚಿಹ್ನೆ ಕಳೆದುಹೋಗಿ, ಸೆಪ್ಟೆಂಬರ್ ಹೋಗಿ ಮಾರ್ಚ್ ಆಗಬಹುದು.

ಎಷ್ಟು ನಿಖರ? ಸಾಫ್ಟ್‌ವೇರ್ ತೋರಿಸುವ ಪುಟ್ಟ ದೋಷವನ್ನು ನಂಬಬೇಡಿ. ಈ ತಿಂಗಳ ನೀರು ಹೋದ ತಿಂಗಳದ್ದನ್ನೇ ಹೋಲುತ್ತದೆ. ಏರಿಕೆ, ಋತು ಎರಡನ್ನೂ ಕಳೆದ ಮೇಲಿನ ಉಳಿಕೆ ಅಂಕಿಗಳಲ್ಲಿ ಪಕ್ಕಪಕ್ಕದ ತಿಂಗಳ ಸಂಬಂಧ 0.8 ಇದ್ದರೆ, 360 ತಿಂಗಳು ಬರೀ 40 ಸ್ವತಂತ್ರ ಅಳತೆಗಳಿಗೆ ಸಮ. ದೋಷವನ್ನು ಸುಮಾರು ಮೂರು ಪಟ್ಟು ಮಾಡಿ. ಪೆಸಿಫಿಕ್ ಸಾಗರ ಕೆಲವು ವರ್ಷಗಳಿಗೊಮ್ಮೆ ಬಿಸಿಯಾಗುವ ಎಲ್ ನಿನೊ, ತಣ್ಣಗಾಗುವ ಲಾ ನಿನಾ ಬೇರೆ ಇವೆ. 2010-11ರ ಲಾ ನಿನಾ ಜಾಗತಿಕ ಮಟ್ಟವನ್ನೇ ಸುಮಾರು 5 ಮಿ.ಮೀ. ತಾತ್ಕಾಲಿಕವಾಗಿ ಇಳಿಸಿತ್ತು. ಸರಣಿಯನ್ನು ಅಂಥ ಕಡೆ ಮುಗಿಸಬೇಡಿ.

ನಿಮ್ಮ ಜಾಗತಿಕ ಸರಾಸರಿ ವರ್ಷಕ್ಕೆ 3.3 ಮಿ.ಮೀ. ಆಸುಪಾಸು ಬಂತೇ? ಸರಿ. 0.0033 ಬಂದಿದ್ದರೆ ಗಾಬರಿ ಬೇಡ, ಫೈಲ್ ಮೀಟರ್‌ನಲ್ಲಿದೆ. 3.0 ಬಂದರೆ, ಹಿಮಯುಗದ ಭಾರ ಇಳಿದ ಮೇಲೆ ಭೂಮಿಯ ಆಕಾರ ಬದಲಾಗುತ್ತಿರುವುದಕ್ಕೆ ಸೇರಿಸುವ 0.3 ಬಿಟ್ಟುಹೋಗಿದೆಯೇ ನೋಡಿ.

ದಡದ ಹತ್ತಿರದ ಚೌಕಗಳನ್ನು ನಾನಂತೂ ಬಿಟ್ಟುಬಿಡುತ್ತೇನೆ. ಅಲ್ಲಿ ರಾಡಾರ್ ಪ್ರತಿಧ್ವನಿಯಲ್ಲಿ ನೆಲವೂ ಸೇರಿಕೊಳ್ಳುತ್ತದೆ. ಬಂದರಿನ ಮಾಪಕದ ಜೊತೆ ಹೋಲಿಸುವ ಆಸೆಯಿದ್ದರೆ, ಆ ಮಾಪಕ ನಿಂತಿರುವ ನೆಲವೇ ಕುಸಿಯುತ್ತಿದೆಯೇ ಎಂದು ಮೊದಲು ವಿಚಾರಿಸಿ.