ಗೋಜಲು ಅಡಿಯಲ್ಲಿ, ತೊಂದರೆ ಮೇಲೆ

ನಮ್ಮ ಮನೆಯ ಕಾಲು ತುಳಿಯುವ ಹೊಲಿಗೆ ಮಷೀನ್ ಇದ್ದಕ್ಕಿದ್ದಂತೆ ಹಟ ಹಿಡಿಯಿತು. ಮೇಲಿಂದ ಹೊಲಿಗೆ ನೀಟಾಗಿ ಕಾಣುತ್ತಿತ್ತು, ಬ್ಲೌಸ್ ತಿರುಗಿಸಿದರೆ ಅಡಿಯೆಲ್ಲ ದಾರದ ಗೋಜಲು. ನೋಡಿದವರೆಲ್ಲ ಬಾಬಿನ್ ಕೇಸ್ (ಅಡಿಯ ದಾರ ಸುತ್ತಿದ ಬಾಬಿನ್ ಕೂರುವ ಡಬ್ಬಿ) ಬದಲಾಯಿಸಿ ಅಂದರು.

ಸುಮ್ನೆ ದುಡ್ಡು ಯಾಕೆ ಅಂತ ಮೇಲೆ ಕೆಂಪು ದಾರ, ಬಾಬಿನ್‌ಗೆ ಬಿಳಿ ಹಾಕಿ ಹಳೇ ಪಂಚೆಯ ತುಂಡಿನ ಮೇಲೆ ಹೊಲಿದೆ. ಅಡಿಯ ಗೋಜಲೆಲ್ಲ ಕೆಂಪು! ಅಂದರೆ ಮೇಲಿನ ದಾರಕ್ಕೆ ಹಿಡಿತವೇ ಇಲ್ಲ. ಬಾಬಿನ್ ಪಾಪ, ಅದರ ತಪ್ಪೇನೂ ಇಲ್ಲ.

ಮೇಲಿನ ದಾರದ ಬಿಗಿ ಹೊಂದಿಸುವ ಟೆನ್ಷನ್ ನಟ್ ಎಷ್ಟು ಬಿಗಿ ಮಾಡಿದರೂ ಅಷ್ಟೇ. ಬಟ್ಟೆ ಒತ್ತಿ ಹಿಡಿಯುವ ಫೂಟ್ ಎತ್ತಿದೆ, ಆಗ ಮೇಲಿನ ದಾರವನ್ನು ನಡುವೆ ಅದುಮಿ ಹಿಡಿಯುವ ಟೆನ್ಷನ್ ಬಿಲ್ಲೆಗಳು ಸಡಿಲವಾಗುತ್ತವೆ. ದಾರ ತೆಗೆದು, ತೆಳು ಬಟ್ಟೆಯ ಪಟ್ಟಿಯನ್ನು ಬಿಲ್ಲೆಗಳ ನಡುವೆ ಹಿಂದೆ ಮುಂದೆ ಎಳೆದೆ. ಎಣ್ಣೆ ಮೆತ್ತಿದ ಕಪ್ಪು ಧೂಳಿನ ಜೊತೆ ನೀಲಿ ದಾರದ ಒಂದು ಚೂರು ಹೊರಬಂತು. ಬಿಲ್ಲೆಗಳು ಕೂಡದಂತೆ ತಡೆದಿದ್ದು ಅದೇ.

ಫೂಟ್ ಎತ್ತಿಯೇ ಮತ್ತೆ ದಾರ ಹಾಕಿದೆ. ಇಳಿಸಿ ಹಾಕಿದರೆ ದಾರ ಬಿಲ್ಲೆಗಳ ಒಳಗೆ ಸರಿಯಾಗಿ ಕೂರುವುದಿಲ್ಲ. ಆಮೇಲೆ ಫೂಟ್ ಇಳಿಸಿ ಎಳೆದರೆ ಕೈಗೆ ಬಿಗಿ ಗೊತ್ತಾಯಿತು. ಜಾಸ್ತಿ ತಿರುಗಿಸಿದ್ದ ನಟ್ ಸ್ವಲ್ಪ ಸಡಿಲಿಸಿದೆ, ಗೋಜಲು ಮಾಯ.

ದಾರ ಪದೇ ಪದೇ ತುಂಡಾಗುತ್ತಿದ್ದರೆ ಮಾತ್ರ ಮೊದಲು ಸೂಜಿ ಬದಲಾಯಿಸಿ. ಮಾಮೂಲಿ ಕಾಟನ್‌ಗೆ 14 ನಂಬರ್ ಸಾಕು.