ನಮ್ಮೂರಿನ ಕಾದಂಬರಿಗೆ ವಿಮರ್ಶೆ ಬರೆಯುವಾಗ

ಖುಷಿಗಾಗಿ ಓದಿದ ಪುಸ್ತಕಗಳ ಬಗ್ಗೆ ಬರೆಯುವ ಅಭ್ಯಾಸ ನನಗೆ ಕುಮಟಾದಲ್ಲಿ, ಗ್ರಂಥಾಲಯದಿಂದ ತಂದ ಕಾದಂಬರಿಗಳ ಮೂಲಕ ಬಂದಿತು. ಆ ಪುಸ್ತಕಗಳಲ್ಲಿ ಗೆರೆ ಎಳೆಯುವಂತಿಲ್ಲವಾದ್ದರಿಂದ, ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಚೀಟಿಗಳಾಗಿ ಕತ್ತರಿಸಿಟ್ಟುಕೊಂಡು, ಓದು ಒಂದು ಕ್ಷಣ ನಿಂತಲ್ಲೆಲ್ಲ ಪುಟಸಂಖ್ಯೆಯನ್ನೂ ನಿಲ್ಲಲು ಕಾರಣವಾದದ್ದನ್ನೂ ಗುರುತು ಹಾಕುತ್ತೇನೆ. ಮೆಚ್ಚಿಗೆಯಿಂದ ನಿಂತದ್ದಕ್ಕೂ ಬೇಸರದಿಂದ ನಿಂತದ್ದಕ್ಕೂ ಚೀಟಿ ಬೀಳುತ್ತದೆ. ಮುಗಿಸಿದ ಕೆಲವು ದಿನಗಳ ನಂತರ, ಪುಸ್ತಕವನ್ನು ತೆರೆಯದೆಯೇ ಮೊದಲ ಕರಡನ್ನು ಬರೆದು, ಆಮೇಲಷ್ಟೇ ಚೀಟಿಗಳನ್ನು ನೋಡುತ್ತೇನೆ. ಯಾವ ಪುಟವನ್ನೂ ತೋರಿಸಲಾಗದ ಅಭಿಪ್ರಾಯ ಕರಡಿನಲ್ಲಿದ್ದರೆ ಅದನ್ನು ಹೊಡೆದುಹಾಕುತ್ತೇನೆ. ‘ಮನಮುಟ್ಟುವ ಶೈಲಿ’ಯಂತಹ ಮಾತುಗಳು ಹೆಚ್ಚಾಗಿ ಈ ಹಂತದಲ್ಲಿಯೇ ಹೋಗುತ್ತವೆ.

ನಮ್ಮ ಕರಾವಳಿಯ ಓದುಗರಿಗೆ ಇದಕ್ಕಿಂತ ಕಠಿಣವಾದದ್ದು ಇನ್ನೊಂದಿದೆ. ಉಪ್ಪುನೀರು ನುಗ್ಗುವ ಗಜನಿ ಗದ್ದೆ, ಹುಲ್ಲು ಬೆಳೆಯುವ ಬೇಣ, ಹೊಳೆ ದಾಟಿಸುವ ತಾರಿ ಪುಟದ ಮೇಲೆ ಕಾಣಿಸಿಕೊಂಡರೆ ಸಾಕು, ನಮಗೆ ಸಂತೋಷವಾಗುತ್ತದೆ. ಆ ಸಂತೋಷವನ್ನು ಪುಸ್ತಕದ ಗುಣವೆಂದೇ ಬರೆದುಬಿಡುತ್ತೇವೆ. ಯಶವಂತ ಚಿತ್ತಾಲರ ‘ಶಿಕಾರಿ’ಯ (1979) ಕುರಿತು ಬರೆಯುವಾಗ ಇದನ್ನು ನಾನು ಬಹಳ ಯೋಚಿಸಬೇಕಾಯಿತು. ಮುಂಬಯಿಯ ಕಂಪನಿಯೊಂದರಲ್ಲಿ ಅಮಾನತಿಗೆ ಒಳಗಾದ ನಾಗಪ್ಪನ ನೆನಪುಗಳಲ್ಲಿ ಹನೇಹಳ್ಳಿ ಬರುತ್ತದೆ, ಆ ಊರು ನಮಗೆ ಹತ್ತಿರದ್ದು. ಆದರೆ ಹನೇಹಳ್ಳಿಯನ್ನು ಕಂಡೇ ಇರದ ಕೋಲಾರದ ಓದುಗನಿಗೆ ಆ ಭಾಗಗಳು ಏನು ಮಾಡುತ್ತವೆ ಎಂದು ಕೇಳಿಕೊಂಡಾಗ, ವರ್ಣನೆಯ ಚೆಲುವಿನ ಬಗ್ಗೆ ಬರೆದಿದ್ದ ನನ್ನ ಪ್ಯಾರಾ ನಿಲ್ಲಲಿಲ್ಲ. ಸುತ್ತಲಿನವರೆಲ್ಲ ತನ್ನ ವಿರುದ್ಧ ಸಂಚು ಹೂಡಿದ್ದಾರೆಂಬ ಭಯದಲ್ಲಿರುವ ಮನುಷ್ಯನಿಗೆ ಬಾಲ್ಯದ ಊರು ಬರೀ ಆಸರೆಯಲ್ಲ, ಆ ಭಯದ ಬೇರುಗಳೂ ಅಲ್ಲಿಯೇ ಇರಬಹುದು ಎಂಬ ಮಾತು ಅದರ ಜಾಗಕ್ಕೆ ಬಂದಿತು. ಈಗ ಯಾವುದೇ ಸ್ಥಳೀಯ ಕೃತಿಗೂ ಅದೇ ಪ್ರಶ್ನೆಯನ್ನು ಹಾಕುತ್ತೇನೆ. ಊರಿನವನಾದ ನನಗೆ ಮಾತ್ರ ಕಾಣುವ ಸಂಗತಿ ಇದ್ದರೆ, ಅದನ್ನು ಹೊಗಳಿಕೆಯಾಗಿ ಅಲ್ಲದೆ ಮಾಹಿತಿಯಾಗಿ ಒಂದು ವಾಕ್ಯದಲ್ಲಿ ಹೇಳುತ್ತೇನೆ.

ಕಥೆಯನ್ನು ಎಷ್ಟು ಹೇಳಬೇಕೆಂಬುದಕ್ಕೆ ನನ್ನ ಮಿತಿ ಸರಳ: ಮೊದಲ ಕೆಲವು ಅಧ್ಯಾಯಗಳಿಂದಾಚೆ ಹೋಗುವುದಿಲ್ಲ. ವಿಮರ್ಶೆಗಾಗಿ ನ್ಯಾಯವಾದ ಮಟ್ಟಿಗೆ ಉದ್ಧರಿಸಲು 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮು ಅವಕಾಶ ಕೊಡುತ್ತದೆಯಾದರೂ, ನಾನು ಮೂರು ನಾಲ್ಕು ಸಾಲುಗಳನ್ನು ಮೀರುವುದಿಲ್ಲ. ಆ ಸಾಲುಗಳನ್ನು ಮೂಲದೊಂದಿಗೆ ಅಕ್ಷರಶಃ ಹೋಲಿಸಿ ನೋಡಿ, ಪ್ರಕಾಶಕರ ಹೆಸರು, ಮುದ್ರಣದ ವರ್ಷ, ಪುಟಸಂಖ್ಯೆಗಳನ್ನು ಕೊಡುತ್ತೇನೆ. ಮರುಮುದ್ರಣಗಳಲ್ಲಿ ಪುಟಗಳು ಬದಲಾಗುವುದರಿಂದ ವರ್ಷವಿಲ್ಲದ ಪುಟಸಂಖ್ಯೆ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ.

ಪರಿಚಿತರ ಪುಸ್ತಕಗಳದ್ದು ಬೇರೆಯೇ ಕಷ್ಟ, ಏಕೆಂದರೆ ಈ ಕಡೆ ಬರೆಯುವವರೂ ಓದುವವರೂ ಯಾವುದಾದರೊಂದು ಮದುವೆಯ ಊಟದ ಪಂಕ್ತಿಯಲ್ಲಿ ಭೇಟಿಯಾಗಿಯೇ ಆಗುತ್ತಾರೆ. ಅಂತಹ ಪುಸ್ತಕದ ಬಗ್ಗೆ ಬರೆದರೆ ಪರಿಚಯವನ್ನು ಮೊದಲ ವಾಕ್ಯದಲ್ಲಿಯೇ ತಿಳಿಸುತ್ತೇನೆ. ಕೊನೆಯವರೆಗೆ ಓದಲಾಗದಿದ್ದರೆ, ಲೇಖಕರು ಎದುರಿಗೆ ಸಿಕ್ಕಿ ಕೇಳಿದರೂ ಬರೆಯುವುದಿಲ್ಲ.